ನಗದೆ ನಗಿಸಿದವರು

ಜಸ್ಪಾಲ್ ಭಟ್ಟಿ ತೆರೆಯ ಮೇಲೆ ಬಾಯ್ತುಂಬ ನಕ್ಕಿದ್ದು ನನಗೆ ನೆನಪಿಲ್ಲ. ಅಚ್ಚುಕಟ್ಟಾಗಿ ಸುತ್ತಿದ ಪೇಟ, ಒಪ್ಪವಾದ ಗಡ್ಡಮೀಸೆ, ಏರಿಳಿತವಿಲ್ಲದ ದನಿ, ಪೆನ್ಷನ್ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಕಾದು ನಿಂತವರಲ್ಲಿ ಕಾಣುವಂಥ ಗಂಭೀರ ಮುಖ. ಮಾತು ಮುಗಿಸಿ ಅವರು ಸುಮ್ಮನಾಗುತ್ತಿದ್ದರು. ಒಂದು ಗಳಿಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಮನೆಯಲ್ಲಿದ್ದವರೆಲ್ಲ ಒಟ್ಟಿಗೆ ನಗುತ್ತಿದ್ದೆವು. ಆ ಒಂದು ಗಳಿಗೆಯಲ್ಲಿ ನಮ್ಮ ತಲೆ ಕೆಲಸ ಮಾಡುತ್ತಿತ್ತು. ಅವರು ಹೇಳಿದ್ದು ಎಷ್ಟು, ಹೇಳದೆ ಬಿಟ್ಟದ್ದು ಎಷ್ಟು ಎಂದು ಅಳೆದು ನೋಡಿ, ಬಿಟ್ಟದ್ದನ್ನು ನಾವೇ ತುಂಬಿಕೊಂಡು ನಗುತ್ತಿದ್ದೆವು. ಟಿವಿಯ ಕಿರುಪ್ರಹಸನ, ನಾವೆಲ್ಲ ಈಗ ಸ್ಕಿಟ್ ಎಂದು ಕರೆಯುವ ಆ ಪುಟ್ಟ ಆಟ, ಎಷ್ಟು ದೊಡ್ಡ ಕಲೆ ಎಂದು ನನಗೆ ಮೊದಲು ಕಾಣಿಸಿದವರು ಅವರು.

ಭಟ್ಟಿ ತೀರಿಹೋದದ್ದು 2012ರ ಅಕ್ಟೋಬರ್ 25ರಂದು. ಈಗಲೂ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುವಾಗ, ಸನ್ಮಾನ ಸಮಾರಂಭದ ವೇದಿಕೆಯಲ್ಲಿ ಕುರ್ಚಿಗಳ ಉದ್ದನೆಯ ಸಾಲು ಕಂಡಾಗ, ಮೊದಲ ಮಳೆಗೇ ಕಿತ್ತುಹೋದ ಹೊಸ ರಸ್ತೆಯ ಮೇಲೆ ಬಸ್ಸು ಕುಲುಕಾಡಿದಾಗ ನನಗೆ ಅವರು ನೆನಪಾಗುತ್ತಾರೆ. ನಗಿಸಿ ಹೋದವರು ಬಹಳ ಜನ ಇದ್ದಾರೆ. ನಾವು ದಿನವೂ ಓಡಾಡುವ ಜಾಗಗಳಲ್ಲಿ ತಮ್ಮ ಕಣ್ಣನ್ನು ನಮಗೆ ಬಿಟ್ಟು ಹೋದವರು ಕಡಿಮೆ.

ಅವರು ಹುಟ್ಟಿದ್ದು 1955ರ ಮಾರ್ಚ್ 3ರಂದು ಅಮೃತಸರದಲ್ಲಿ. ಚಂಡೀಗಢದ ಪಂಜಾಬ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದರು. ಕಾಲೇಜಿನ ದಿನಗಳಲ್ಲೇ ಗೆಳೆಯರನ್ನು ಸೇರಿಸಿಕೊಂಡು ‘ನಾನ್‌ಸೆನ್ಸ್ ಕ್ಲಬ್’ ಕಟ್ಟಿ ಬೀದಿಯಲ್ಲಿ ಆಟ ಕಟ್ಟುತ್ತಿದ್ದರು. ಟಿವಿಗೆ ಬರುವ ಮುಂಚೆ ಚಂಡೀಗಢದ ‘ದಿ ಟ್ರಿಬ್ಯೂನ್’ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು. ಈ ಮೂರೂ ಅವರ ಹಾಸ್ಯದಲ್ಲಿ ಬೆರೆತುಹೋಗಿವೆ ಎಂದು ನನಗೆ ಅನ್ನಿಸುತ್ತದೆ. ಇಂಜಿನಿಯರಿಂಗ್ ಓದಿದವರಿಗೆ ಒಂದು ಅಭ್ಯಾಸ ಇರುತ್ತದೆ: ಒಂದು ಯಂತ್ರ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಅದನ್ನು ಬಿಚ್ಚಿ ನೋಡುವುದು. ಲಂಚ, ಶಿಫಾರಸು, ಸುಳ್ಳು ಬಿಲ್ಲು ಇವೆಲ್ಲ ಭಟ್ಟಿಯವರಿಗೆ ಕೆಟ್ಟವರ ಕೆಟ್ಟತನವಾಗಿ ಮಾತ್ರ ಕಾಣಲಿಲ್ಲ. ಅವು ಒಂದು ಏರ್ಪಾಡು, ಅದಕ್ಕೂ ಹಲ್ಲುಚಕ್ರಗಳಿವೆ, ಎಣ್ಣೆ ಬಿಡುವವರಿದ್ದಾರೆ, ತಿರುಗಿಸುವವರಿದ್ದಾರೆ. ಅವರ ಪ್ರತಿ ಸ್ಕಿಟ್ಟೂ ಅಂಥ ಒಂದು ಏರ್ಪಾಡನ್ನು ಬಿಚ್ಚಿ ಮೇಜಿನ ಮೇಲೆ ಹರಡಿ ತೋರಿಸುತ್ತಿತ್ತು.

ವ್ಯಂಗ್ಯಚಿತ್ರದಿಂದ ಅವರು ಕಲಿತದ್ದು ಜಿಪುಣತನ. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರನಿಗೆ ಸಿಗುವುದು ಅಂಗೈಯಗಲದ ಜಾಗ. ಅದರಲ್ಲೇ ಜಾಗ ಯಾವುದು, ಜನ ಯಾರು, ತಕರಾರು ಏನು ಎಂದು ತೋರಿಸಿ ಒಂದೇ ಮಾತಿನಲ್ಲಿ ಮುಗಿಸಬೇಕು. ಕನ್ನಡದವರಿಗೆ ಇದು ಹೊಸದಲ್ಲ. 1942ರಲ್ಲಿ ಡಾ. ಎಂ. ಶಿವರಾಂ, ನಮ್ಮ ರಾಶಿಯವರು, ‘ಕೊರವಂಜಿ’ ಶುರು ಮಾಡಿದಾಗ ಮೈಸೂರಿನಲ್ಲಿ ಓದುತ್ತಿದ್ದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದುಕೊಟ್ಟರು. ನಾ. ಕಸ್ತೂರಿಯವರ ‘ಅನರ್ಥಕೋಶ’ ದಿನಬಳಕೆಯ ಮಾತುಗಳನ್ನು ಬುಡಮೇಲು ಮಾಡಿ ನಗಿಸಿತು. ಅದೇ ಲಕ್ಷ್ಮಣ್ ಅವರ ಜಗತ್ತನ್ನು ಆಧರಿಸಿ ಕುಂದನ್ ಶಾ ನಿರ್ದೇಶಿಸಿದ ‘ವಾಗ್ಲೆ ಕಿ ದುನಿಯಾ’ 1988ರಲ್ಲಿ ದೂರದರ್ಶನಕ್ಕೆ ಬಂತು. ಗೆರೆಯಲ್ಲಿದ್ದ ಶ್ರೀಸಾಮಾನ್ಯ ಟಿವಿಯಲ್ಲಿ ನಡೆದಾಡತೊಡಗಿದ್ದ. ಭಟ್ಟಿಯವರು ಆ ದಾರಿಯಲ್ಲೇ ಬಂದವರು. ಅವರ ವಿಷಯದಲ್ಲಿ ಮಾತ್ರ ವ್ಯಂಗ್ಯಚಿತ್ರಕಾರ ತಾನೇ ಚೌಕಟ್ಟಿನೊಳಗೆ ಇಳಿದು ನಿಂತಿದ್ದ.

ಮೊದಲು ಬಂದದ್ದು ‘ಉಲ್ಟಾ ಪುಲ್ಟಾ’. ಕೆಲವೇ ನಿಮಿಷಗಳ ತುಣುಕುಗಳು. ಇನ್ನೂ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಮುಗಿದುಹೋಗುತ್ತಿದ್ದವು. ಒಂದು ಸಂಗತಿ, ಒಂದು ತಿರುವು, ಅಷ್ಟೇ. ದೊಡ್ಡ ಸೆಟ್ಟಿಲ್ಲ, ಹಾಡುಕುಣಿತವಿಲ್ಲ, ವೇಷಭೂಷಣವಿಲ್ಲ. ಒಂದು ಮೇಜು, ಎರಡು ಕುರ್ಚಿ, ಒಂದು ಫೈಲು ಇದ್ದರೆ ಅವರ ರಂಗಸಜ್ಜಿಕೆ ಸಿದ್ಧ. ಹಾಗೆ ನೋಡಿದರೆ ಈ ದೇಶದ ಮುಕ್ಕಾಲು ಪಾಲು ಸಂಕಟ ನಡೆಯುವುದೂ ಒಂದು ಮೇಜು, ಎರಡು ಕುರ್ಚಿ, ಒಂದು ಫೈಲಿನ ನಡುವೆಯೇ.

ಅದು ಎಂಥ ಕಾಲ ಎಂಬುದನ್ನು ನೆನೆಯದೆ ಭಟ್ಟಿಯವರ ಸಾಧನೆ ಅರ್ಥವಾಗುವುದಿಲ್ಲ. 1984ರ ಜೂನ್‌ನಲ್ಲಿ ಸ್ವರ್ಣಮಂದಿರದೊಳಗೆ ಸೇನೆ ಹೊಕ್ಕಿತು. ಅಕ್ಟೋಬರ್‌ನಲ್ಲಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಅದರ ಬೆನ್ನಿಗೇ ದೆಹಲಿಯ ಬೀದಿಗಳಲ್ಲಿ ಸಿಖ್ಖರನ್ನು ಹುಡುಕಿ ಹುಡುಕಿ ಕೊಂದರು. ಆಮೇಲಿನ ವರ್ಷಗಳಲ್ಲಿ ರೇಡಿಯೋ ವಾರ್ತೆಯಲ್ಲಿ ಪಂಜಾಬ್ ಎಂದು ಕೇಳಿದರೆ ಮುಂದಿನ ಮಾತು ಗುಂಡು, ಬಸ್ಸು, ಹೆಣಗಳ ಲೆಕ್ಕ. 1988ರ ಮೇ ತಿಂಗಳಲ್ಲಿ ಸ್ವರ್ಣಮಂದಿರದಲ್ಲಿ ಮತ್ತೊಮ್ಮೆ ಕಾರ್ಯಾಚರಣೆ ನಡೆಯಿತು. ಪಂಜಾಬಿನಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ನಮ್ಮ ತಾಲ್ಲೂಕು ಊರಿನಲ್ಲಿ ಪೇಟ ಕಟ್ಟಿದವರನ್ನು ನಾವು ನೋಡಿದ್ದೇ ಹೆದ್ದಾರಿಯಲ್ಲಿ ನಿಂತ ಲಾರಿಗಳಲ್ಲಿ. ಅವರ ಬಗ್ಗೆ ನಮಗೆ ಗೊತ್ತಿದ್ದದ್ದು ಪೇಪರಿನಲ್ಲಿ ಬರುವ ಭಯ, ಶಾಲೆಯಲ್ಲಿ ಬಾಯಿಂದ ಬಾಯಿಗೆ ಹರಿದಾಡುವ ಸರ್ದಾರ್ಜಿ ಜೋಕು. ಒಂದರಲ್ಲಿ ಅವರು ಕ್ರೂರಿಗಳು, ಇನ್ನೊಂದರಲ್ಲಿ ದಡ್ಡರು.

ಅಂಥ ಹೊತ್ತಿನಲ್ಲಿ ಚಂಡೀಗಢದಿಂದ ಒಬ್ಬ ಸರ್ದಾರರು ಬಂದು ನಮ್ಮ ಹಜಾರದಲ್ಲಿ ನಿಂತರು. ತಮ್ಮ ನಾಡಿನ ನೋವನ್ನು ಹೇಳಿಕೊಳ್ಳಲು ಅವರಿಗೆ ಬೇಕಾದಷ್ಟು ಇತ್ತು. ಅವರು ಮಾತಾಡಿದ್ದು ಸಿಗದ ಟೆಲಿಫೋನ್ ಲೈನಿನ ಬಗ್ಗೆ, ಮುಗಿಯದ ಮೀಟಿಂಗಿನ ಬಗ್ಗೆ, ಕಂಟ್ರಾಕ್ಟರು ನುಂಗಿದ ಸಿಮೆಂಟಿನ ಬಗ್ಗೆ. ಅಂದರೆ ನಮ್ಮದೇ ಊರಿನ ಬಗ್ಗೆ. ಕೇರಳದವರಿಗೂ ಅಸ್ಸಾಮಿನವರಿಗೂ ತಮಗೂ ಇರುವ ತಾಪತ್ರಯ ಒಂದೇ ಎಂದು ತೋರಿಸಿ ಆ ಪೇಟವನ್ನು ಪ್ರತಿ ಮನೆಯ ನೆಂಟನನ್ನಾಗಿ ಮಾಡಿದರು. ದೇಶದ ಏಕತೆಯ ಬಗ್ಗೆ ಆಗ ದೂರದರ್ಶನದಲ್ಲಿ ಎಷ್ಟೋ ಹಾಡು, ಎಷ್ಟೋ ಚಿತ್ರ ಬಂದವು. ಅವೂ ಚೆನ್ನಾಗಿಯೇ ಇದ್ದವು. ಆದರೆ ಒಬ್ಬ ಪಂಜಾಬಿಯ ಸಂಕಟಕ್ಕೆ ಒಬ್ಬ ಕನ್ನಡದ ಗುಮಾಸ್ತ ‘ಹೌದಪ್ಪಾ, ನಮ್ಮಲ್ಲೂ ಹೀಗೇ’ ಎಂದು ನಕ್ಕದ್ದಿದೆಯಲ್ಲ, ಅದು ಎಲ್ಲಕ್ಕಿಂತ ಆಳಕ್ಕೆ ಇಳಿಯಿತು ಎಂದು ನಾನು ನಂಬುತ್ತೇನೆ.

ಆ ಗುಮಾಸ್ತ ನಮ್ಮಪ್ಪ. ‘ಫ್ಲಾಪ್ ಶೋ’ ಬರುವ ಹೊತ್ತಿಗೆ, ಅದು 1989, ಅಕ್ಕಪಕ್ಕದ ಮನೆಯವರೂ ನಮ್ಮ ಹಜಾರಕ್ಕೆ ಬಂದು ಕೂರುತ್ತಿದ್ದರು. ಅವರಲ್ಲಿ ಹಿಂದಿ ಬರುತ್ತಿದ್ದವರು ಒಬ್ಬಿಬ್ಬರು. ಆದರೂ ನಗು ತಡವಾಗುತ್ತಿರಲಿಲ್ಲ. ಸಾಹೇಬರ ಎದುರು ಕೈಕಟ್ಟಿ ನಿಲ್ಲುವವನ ಬೆನ್ನು ಎಷ್ಟು ಬಗ್ಗಿರುತ್ತದೆ, ಬಿಲ್ಲು ಪಾಸಾದಾಗ ಅದೇ ಬೆನ್ನು ಹೇಗೆ ನೆಟ್ಟಗಾಗುತ್ತದೆ ಎಂಬುದಕ್ಕೆ ಯಾವ ಭಾಷೆಯ ಹಂಗೂ ಬೇಕಿರಲಿಲ್ಲ. ಸುಳ್ಳು ಮೆಡಿಕಲ್ ಬಿಲ್ಲುಗಳ ಕಂತು ಬಂದ ದಿನ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಜ್ಜಿ ಬತ್ತಿ ಹೊಸೆಯುತ್ತಾ ಕೂತಿದ್ದವರು ತಲೆಯೆತ್ತಿ ಕೇಳಿದರು, “ಅದೇನೋ ಅಷ್ಟೊಂದು ನಗ್ತೀಯ? ಏನಂತೆ ಅವನದು?”

“ನಮ್ಮ ಆಫೀಸಿನ ಕಥೆ ಹೇಳ್ತಿದಾನಮ್ಮ,” ಎಂದರು ಅಪ್ಪ.

“ಅವನಿಗ್ಯಾರು ಹೇಳಿದ್ರು ನಿಮ್ಮ ಆಫೀಸಿನ ವಿಷ್ಯ?”

ಅಪ್ಪ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರ ನಗು ನಿಂತಿತು. ಅವರು ಯೋಚನೆಗೆ ಬಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಮಾರನೆಯ ದಿನ ಕಚೇರಿಯಲ್ಲಿ ಆ ಕಂತನ್ನು ಒಬ್ಬರಿಗೊಬ್ಬರು ಅಭಿನಯಿಸಿ ತೋರಿಸಿದರಂತೆ. ಬಿಲ್ಲಿನ ಕಾಗದ ಕೈಗೆ ಬಂದಾಗಲೆಲ್ಲ ಯಾರಾದರೂ ‘ಭಟ್ಟಿ ಬಂದ’ ಎನ್ನುವುದು ಅಲ್ಲಿ ಬಹಳ ದಿನ ನಡೆಯಿತಂತೆ. ಕಚೇರಿ ಅದರಿಂದ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ತೀರಾ ಸಹಜ ಎಂದುಕೊಂಡು ಮಾಡುತ್ತಿದ್ದ ಒಂದು ಕೆಲಸಕ್ಕೆ ಹೆಸರು ಬಂತು. ಹೆಸರು ಬಂದ ಮೇಲೆ ಅದನ್ನು ಮೊದಲಿನಷ್ಟು ನಿಶ್ಚಿಂತೆಯಿಂದ ಮಾಡುವುದು ಯಾರಿಗೂ ಆಗುವುದಿಲ್ಲ.

‘ಫ್ಲಾಪ್ ಶೋ’ದ ಕಂತುಗಳು ಬರೀ ಹತ್ತು. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ದೀರ್ಘ ನೆನಪು ಸಿಕ್ಕ ಧಾರಾವಾಹಿ ಭಾರತದ ಟಿವಿಯಲ್ಲಿ ಇನ್ನೊಂದಿದೆಯೇ ನನಗೆ ಅನುಮಾನ. ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರ ಮಾಡಿದವರು ಭಟ್ಟಿಯವರೇ. ಹೆಂಡತಿ ಸವಿತಾ ಭಟ್ಟಿ ನಿರ್ಮಾಪಕಿ. ತೆರೆಯ ಮೇಲೂ ಬಹಳಷ್ಟು ಸಲ ಅವರ ಹೆಂಡತಿಯೇ. ಜೊತೆಗೆ ವಿವೇಕ್ ಶೌಕ್, ಯಾವ ಪಾತ್ರ ಕೊಟ್ಟರೂ ಅದರಲ್ಲಿ ಹೊಕ್ಕು ಕೂರುತ್ತಿದ್ದ ನಟ. ಅವರೂ 2011ರಲ್ಲಿ ಹೋಗಿಬಿಟ್ಟರು. ಹಣ ಕಡಿಮೆ, ತಂಡ ಚಿಕ್ಕದು. ಹೆಸರುಪಟ್ಟಿಯಲ್ಲೂ ಒಂದು ತುಂಟತನ ಇರುತ್ತಿತ್ತು. ನಿರ್ದೇಶಕನ ಹೆಸರಿನ ಜಾಗದಲ್ಲಿ ‘ಮಿಸ್‌ಡೈರೆಕ್ಟೆಡ್ ಬೈ ಜಸ್ಪಾಲ್ ಭಟ್ಟಿ’ ಎಂದು ಬರುತ್ತಿತ್ತು. ಪ್ರತಿ ಕಂತನ್ನೂ ಆ ಕಂತಿನ ಆರೋಪಿಗಳಿಗೇ ಭಕ್ತಿಯಿಂದ ಅರ್ಪಿಸುತ್ತಿದ್ದರು. ಕೊನೆಗೆ ಗೊತ್ತಿರುವ ಸಿನಿಮಾ ಹಾಡಿನ ಧಾಟಿಗೆ ಅದೇ ವಿಷಯದ ಹೊಸ ಸಾಲುಗಳನ್ನು ಕಟ್ಟಿ ಹಾಡುತ್ತಿದ್ದರು.

ವಿಷಯಗಳಾದರೂ ಯಾವುವು? ಸಂಶೋಧನಾ ವಿದ್ಯಾರ್ಥಿಯನ್ನು ಮನೆಗೆಲಸಕ್ಕೆ ಹಚ್ಚುವ ಪಿಎಚ್.ಡಿ. ಗೈಡು. ಕಂಟ್ರಾಕ್ಟರು. ಡಾಕ್ಟರು. ಮುಖ್ಯ ಅತಿಥಿಯಾಗುವ ಹಂಬಲ. ಮೀಟಿಂಗು. ಟೆಲಿಫೋನು. ಆಸ್ತಿ ವ್ಯವಹಾರ. ಕೊನೆಗೆ ಟಿವಿ ಧಾರಾವಾಹಿ ಮಾಡುವವರನ್ನೂ ಅವರು ಬಿಡಲಿಲ್ಲ. ಇದನ್ನೆಲ್ಲ ಅವರು ತೋರಿಸಿದ್ದು ಸರ್ಕಾರದ್ದೇ ಆದ ದೂರದರ್ಶನದಲ್ಲಿ ಎಂಬುದನ್ನು ಮರೆಯಬಾರದು. ದೇಶಕ್ಕೆಲ್ಲ ಒಂದೇ ಟಿವಿ ಇದ್ದ ಕಾಲ. ಸಚಿವರ ಮನೆಯಲ್ಲೂ ಜವಾನನ ಮನೆಯಲ್ಲೂ ಒಂದೇ ಹೊತ್ತಿಗೆ ಒಂದೇ ಕಂತು. ಕಚೇರಿಯ ಸಾಹೇಬರೂ ಅವರ ಕೈಕೆಳಗಿನವರೂ ಹಿಂದಿನ ರಾತ್ರಿ ಒಂದೇ ಮಾತಿಗೆ ನಕ್ಕು ಮಾರನೆಯ ಬೆಳಿಗ್ಗೆ ಮುಖಾಮುಖಿಯಾಗುತ್ತಿದ್ದರು. ಅಂಥ ಬೆಳಿಗ್ಗೆಗಳು ಇನ್ನು ಬರಲಾರವು.

ಪಿಎಚ್.ಡಿ. ಗೈಡಿನ ಕಂತನ್ನೇ ನೋಡಿ. ಆ ಗೈಡು ಖಳನಾಯಕನ ಹಾಗೆ ಮೀಸೆ ತಿರುವುವುದಿಲ್ಲ, ದನಿ ಎತ್ತುವುದಿಲ್ಲ. ವಿದ್ಯಾರ್ಥಿಯನ್ನು ದುಡಿಸಿಕೊಳ್ಳುವುದು ತನ್ನ ಹಕ್ಕು ಎಂದು ಅವನಿಗೆ ಯೋಚನೆಯೂ ಇಲ್ಲ. ಅದು ಸೂರ್ಯ ಮೂಡಿದಷ್ಟೇ ಸಹಜ. ಮನೆಯ ಕೆಲಸ ಒಂದೊಂದಾಗಿ ಹೇಳುವಾಗಲೂ ಅವನ ಮಾತಿನಲ್ಲಿ ಸಂಶೋಧನೆಯ ಗಾಂಭೀರ್ಯವೇ ಇರುತ್ತದೆ. ಗೈಡಿನ ಪಾತ್ರ ಮಾಡಿದವರು ಭಟ್ಟಿಯವರೇ. ಅವರ ಕಲೆಯ ಗುಟ್ಟು ಇರುವುದು ಇಲ್ಲಿ. ಅವರು ನೊಂದವನ ಪಾತ್ರ ತೆಗೆದುಕೊಂಡು ನಮ್ಮ ಕನಿಕರ ಗಿಟ್ಟಿಸಬಹುದಿತ್ತು. ಜಾಣನ ಪಾತ್ರ ತೆಗೆದುಕೊಂಡು ಎಲ್ಲರನ್ನೂ ಸೋಲಿಸಬಹುದಿತ್ತು. ಮತ್ತೆ ಮತ್ತೆ ಅವರು ಆರಿಸಿಕೊಂಡದ್ದು ತಪ್ಪು ಮಾಡುವವನ ಕುರ್ಚಿಯನ್ನು. ಆ ಕುರ್ಚಿಯಲ್ಲಿ ಕೂತು, ಒಳ್ಳೆಯ ಮನುಷ್ಯನ ಹಾಗೆಯೇ ಕಂಡು, ತಪ್ಪು ಎಷ್ಟು ಮೃದುವಾಗಿ, ಎಷ್ಟು ಗೌರವಸ್ಥವಾಗಿ ನಡೆಯುತ್ತದೆ ಎಂದು ತೋರಿಸಿದರು. ನೋಡುವ ನಾವು ಮೊದಲು ಅವನನ್ನು ಕಂಡು ನಗುತ್ತೇವೆ. ಆಮೇಲೆ ಅವನ ಮುಖದಲ್ಲಿ ನಮ್ಮ ಮಾವನನ್ನೋ, ನಮ್ಮ ಸಾಹೇಬರನ್ನೋ, ಕೊನೆಗೆ ನಮ್ಮನ್ನೋ ಕಾಣುತ್ತೇವೆ.

ಇದನ್ನು ಯೋಚಿಸುವಾಗ ನನಗೆ ನಮ್ಮ ಮಾಸ್ಟರ್ ಹಿರಣ್ಣಯ್ಯನವರು ಎದುರಿಗೆ ಬಂದು ನಿಲ್ಲುತ್ತಾರೆ. ‘ಲಂಚಾವತಾರ’ ಕಂಡ ಕನ್ನಡಿಗರಿಗೆ ಭ್ರಷ್ಟಾಚಾರದ ಮೇಲಿನ ಹಾಸ್ಯ ಎಂದರೆ ಮೊದಲು ಅವರೇ. ಹಿರಣ್ಣಯ್ಯನವರದು ಗುಡುಗಿನ ದಾರಿ. ಅಂದಿನ ಪೇಪರಿನ ಸುದ್ದಿ ಅಂದೇ ಸಂಜೆ ಅವರ ಮಾತಿಗೆ ಇಳಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಮಂತ್ರಿ ಕೂತಿದ್ದರೂ ಮಾತು ಮೊಂಡಾಗುತ್ತಿರಲಿಲ್ಲ. ಪ್ರೇಕ್ಷಕರ ಚಪ್ಪಾಳೆ ಅವರಿಗೆ ಉಸಿರು. 2019ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಎದುರು ನಿಂತು ಮಾತಾಡುವ ಒಂದು ಗಂಟಲು ನಾಡಿಗೆ ಇಲ್ಲವಾಯಿತು. ಭಟ್ಟಿಯವರಿಗೆ ಎದುರು ಪ್ರೇಕ್ಷಕರಿರಲಿಲ್ಲ, ಬರೀ ಕ್ಯಾಮೆರಾ ಇತ್ತು. ಟಿವಿ ಮನೆಯೊಳಗಿನ ವಸ್ತು; ಮನೆಯೊಳಗೆ ಬಂದವರು ಗುಡುಗಿದರೆ ಮನೆಯವರು ಗಾಬರಿಯಾಗುತ್ತಾರೆ. ಅವರು ಪಿಸುದನಿಯ ದಾರಿ ಹಿಡಿದರು. ರಂಗಭೂಮಿಯ ಹಾಸ್ಯಕ್ಕೂ ಟಿವಿಯ ಹಾಸ್ಯಕ್ಕೂ ಇರುವ ಅಂತರ ಈ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಹಿರಣ್ಣಯ್ಯನವರ ನಾಟಕ ಮುಗಿದಾಗ ನಾವು ಎದ್ದು ನಿಂತು ‘ಅವರನ್ನು ಸರಿಯಾಗಿ ಬೈದರು’ ಎನ್ನುತ್ತಿದ್ದೆವು. ಭಟ್ಟಿಯವರ ಕಂತು ಮುಗಿದಾಗ ಕೂತಲ್ಲೇ ಕೂತು ‘ನಾವೂ ಹೀಗೇ ಅಲ್ಲವಾ’ ಎನ್ನುತ್ತಿದ್ದೆವು. ಒಂದು ಸಮಾಜಕ್ಕೆ ಎರಡೂ ಬೇಕು.

ಸ್ಕಿಟ್ ಎಂಬ ಕಲೆಗೆ ಎಲ್ಲ ದೇಶದಲ್ಲೂ ಒಂದು ಕಷ್ಟ ಇದೆ: ಅದನ್ನು ಮುಗಿಸುವುದು ಹೇಗೆ? ಬ್ರಿಟನ್ನಿನಲ್ಲಿ 1969ರಿಂದ 1974ರವರೆಗೆ ಬಿಬಿಸಿಯಲ್ಲಿ ಬಂದ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ತಂಡದವರು ಕೊನೆಯ ಚಟಾಕಿಯೇ ಬೇಡ ಎಂದು ತೀರ್ಮಾನಿಸಿದರು. ಸ್ಕಿಟ್ ಏರುತ್ತಿರುವಾಗಲೇ ಅದನ್ನು ನಡುವೆ ಕತ್ತರಿಸಿ, ಟೆರಿ ಗಿಲಿಯಂ ಅವರ ವಿಚಿತ್ರ ಚಿತ್ರಗಳ ಮೂಲಕ ಇನ್ನೊಂದಕ್ಕೆ ಜಿಗಿದುಬಿಡುತ್ತಿದ್ದರು. ತರ್ಕವನ್ನು ಮುರಿದೇ ಅವರು ನಗಿಸಿದರು. ಭಟ್ಟಿಯವರು ಅದರ ತದ್ವಿರುದ್ಧ. ಅವರು ತರ್ಕವನ್ನು ಮುರಿಯಲೇ ಇಲ್ಲ, ಅದನ್ನು ನೆಟ್ಟಗೆ ಕೊನೆಯವರೆಗೂ ನಡೆಸಿಕೊಂಡು ಹೋದರು. ಸುಳ್ಳು ಬಿಲ್ಲು ಬರೆಯುವುದು ತಪ್ಪಲ್ಲ ಎಂದು ಒಪ್ಪಿಕೊಂಡಿರಾ? ಸರಿ, ಹಾಗಿದ್ದರೆ ಎಲ್ಲರೂ ಬರೆಯಲಿ, ಎಲ್ಲದಕ್ಕೂ ಬರೆಯಲಿ, ಏನಾಗುತ್ತದೆ ನೋಡೋಣ. ಹೀಗೆ ಒಂದು ಸಣ್ಣ ಒಪ್ಪಿಗೆಯಿಂದ ಹೊರಟು ಹುಚ್ಚುತನದ ಬಾಗಿಲಿಗೆ ನಮ್ಮನ್ನು ತಂದು ನಿಲ್ಲಿಸುತ್ತಿದ್ದರು. ದಾರಿಯಲ್ಲಿ ಒಂದು ಹೆಜ್ಜೆಯೂ ಸುಳ್ಳಾಗಿರುತ್ತಿರಲಿಲ್ಲ. ಆಮೇಲೆ ಹಾಡು. ಗೊತ್ತಿರುವ ಧಾಟಿಯಾದ್ದರಿಂದ ಅದು ಮನೆಮಂದಿಯ ಬಾಯಲ್ಲಿ ಉಳಿಯುತ್ತಿತ್ತು, ಹಾಡಿನ ಜೊತೆ ವಿಷಯವೂ ಉಳಿಯುತ್ತಿತ್ತು. ಹರಿಕಥೆಯ ದಾಸರೂ ಕಂಪನಿ ನಾಟಕದ ನಟರೂ ಬಲ್ಲ ಉಪಾಯ ಇದು.

ಟಿವಿಯಲ್ಲಿ ಹೆಸರಾದ ಮೇಲೂ ಭಟ್ಟಿಯವರು ಬೀದಿಯನ್ನು ಬಿಡಲಿಲ್ಲ ಎಂಬುದು ನನಗೆ ಅವರಲ್ಲಿ ಬಹಳ ಇಷ್ಟವಾಗುವ ಸಂಗತಿ. ಬೆಲೆ ಏರಿಕೆಯ ವಿರುದ್ಧ ಅವರ ನಾನ್‌ಸೆನ್ಸ್ ಕ್ಲಬ್ ಒಮ್ಮೆ ಚಂಡೀಗಢದಲ್ಲಿ ಒಂದು ಅಂಗಡಿ ಹಾಕಿತು. ಅದರಲ್ಲಿ ತರಕಾರಿ, ಬೇಳೆ, ಎಣ್ಣೆಗಳನ್ನು ಜೋಡಿಸಿಟ್ಟು ಜನರ ಕೈಗೆ ರಿಂಗು ಕೊಟ್ಟರು. ನಮ್ಮ ಜಾತ್ರೆಗಳಲ್ಲಿ ಸೋಪು, ಬಾಚಣಿಗೆ, ಪೌಡರ್ ಡಬ್ಬಿ ಇಟ್ಟು ರಿಂಗು ಎಸೆಸುತ್ತಾರಲ್ಲ, ಅದೇ ಆಟ. ರಿಂಗು ಯಾವುದರ ಮೇಲೆ ಬೀಳುತ್ತದೋ ಅದು ನಿಮ್ಮದು. ಬೇಳೆ ದುಡ್ಡು ಕೊಟ್ಟು ಕೊಳ್ಳುವ ಸಾಮಾನಾಗಿ ಉಳಿದಿಲ್ಲ, ಅದೃಷ್ಟ ಇದ್ದವರಿಗೆ ಸಿಗುವ ಬಹುಮಾನವಾಗಿದೆ ಎಂದು ಹೇಳಲು ಭಾಷಣ ಬೇಕಾಗಲಿಲ್ಲ, ಘೋಷಣೆ ಬೇಕಾಗಲಿಲ್ಲ. ರಿಂಗು ಎಸೆದ ಗೃಹಿಣಿ ಗುರಿ ತಪ್ಪಿ ನಕ್ಕಳಲ್ಲ, ಅದೇ ಪ್ರತಿಭಟನೆ. ಹಾಗೆಯೇ ಹವಾಲಾ ಪಾರ್ಟಿ, ಸೂಟ್‌ಕೇಸ್ ಪಾರ್ಟಿ, ರಿಸೆಷನ್ ಪಾರ್ಟಿ ಎಂದು ಕಾಲಕಾಲಕ್ಕೆ ಹುಸಿ ರಾಜಕೀಯ ಪಕ್ಷಗಳನ್ನು ಕಟ್ಟಿದರು. ಹೆಸರುಗಳೆಲ್ಲ ಆಯಾ ಕಾಲದ ಪತ್ರಿಕೆಗಳ ಮುಖಪುಟದಿಂದಲೇ ಬಂದವು. ಈ ಬೀದಿಯ ಆಟಗಳಲ್ಲಿ ಯಾರಿಗೂ ಏಟು ಬೀಳುತ್ತಿರಲಿಲ್ಲ, ಯಾವ ಗಾಜೂ ಒಡೆಯುತ್ತಿರಲಿಲ್ಲ. ಬಂದೂಕು ಕಂಡು ದಣಿದಿದ್ದ ಒಂದು ನಾಡಿನಲ್ಲಿ ಹೀಗೂ ಎದುರಿಸಿ ನಿಲ್ಲಬಹುದು ಎಂದು ತೋರಿಸಿದ್ದು ಸಣ್ಣ ಮಾತಲ್ಲ.

ಆಮೇಲಿನ ವರ್ಷಗಳಲ್ಲಿ ‘ಫುಲ್ ಟೆನ್ಷನ್’ ಬಂತು, 1999ರಲ್ಲಿ ‘ಮಾಹೌಲ್ ಠೀಕ್ ಹೈ’ ಎಂಬ ಪಂಜಾಬಿ ಸಿನಿಮಾ ಮಾಡಿದರು, ‘ಫನಾ’ದಂಥ ಹಿಂದಿ ಸಿನಿಮಾಗಳಲ್ಲಿ ಚಿಕ್ಕ ಪಾತ್ರಗಳಲ್ಲಿ ಕಂಡರು. ಚಂಡೀಗಢದಲ್ಲಿ ಸಿನಿಮಾ ಕಲಿಸುವ ಶಾಲೆ ನಡೆಸಿದರು. ಮುಂಬೈ ಕರೆದರೂ ಮನೆ ಚಂಡೀಗಢದಲ್ಲೇ ಇತ್ತು. ತಾವು ಬಿಚ್ಚಿ ನೋಡಬೇಕಾದ ಯಂತ್ರ ಇರುವುದು ಇಂಥ ನಡುಗಾತ್ರದ ಊರುಗಳ ಕಚೇರಿಗಳಲ್ಲಿ ಎಂದು ಅವರಿಗೆ ಗೊತ್ತಿತ್ತೇನೋ. ಕೊನೆಯ ಸಿನಿಮಾ ‘ಪವರ್ ಕಟ್’. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವರು ಪಂಜಾಬಿನ ಕರೆಂಟಿನ ತಾಪತ್ರಯವನ್ನೇ ಎತ್ತಿಕೊಂಡು, ಮಗ ಜಸ್‌ರಾಜ್‌ನನ್ನು ನಾಯಕನನ್ನಾಗಿ ಮಾಡಿ ತೆಗೆದ ಚಿತ್ರ. ಅದರ ಪ್ರಚಾರಕ್ಕಾಗಿ ಊರೂರು ಸುತ್ತುತ್ತಿದ್ದಾಗಲೇ, ಬಿಡುಗಡೆಯ ಹಿಂದಿನ ದಿನ ನಸುಕಿನಲ್ಲಿ, ಜಲಂಧರ್ ಜಿಲ್ಲೆಯ ಶಾಹ್‌ಕೋಟ್ ಬಳಿ ಕಾರು ಅಪಘಾತಕ್ಕೀಡಾಯಿತು. ಅವರಿಗೆ ಆಗ 57 ವರ್ಷ. ಮಾರನೆಯ ದಿನ ಸಿನಿಮಾ ತೆರೆಗೆ ಬಂತು. ಮರುವರ್ಷ ಪದ್ಮಭೂಷಣ ಬಂತು. ಅವರನ್ನು ಹಗುರವಾದ ಮನರಂಜನೆಯವರು ಎಂದುಕೊಂಡಿದ್ದವರಿಗೂ ಆಗ ಅವರ ತೂಕ ತಿಳಿಯಿತು. ನಗಿಸುವವರಿಗೆ ನಮ್ಮಲ್ಲಿ ಮನ್ನಣೆ ಯಾವಾಗಲೂ ತಡವಾಗಿ ಬರುತ್ತದೆ. ಅದು ನನಗೆ ನೋವಿನ ಸಂಗತಿ.

ಈಗ ಸ್ಕಿಟ್ಟುಗಳಿಗೆ ಬರಗಾಲವಿಲ್ಲ. 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಕಾಮಿಡಿ ಕಿಲಾಡಿಗಳು’ ಕರಾವಳಿಯ, ಮಲೆನಾಡಿನ, ಉತ್ತರ ಕರ್ನಾಟಕದ ಹುಡುಗ ಹುಡುಗಿಯರನ್ನು ತೆರೆಗೆ ತಂದಿತು. ಅವರವರ ಊರಿನ ಕನ್ನಡ ಅದರಿಂದಾಗಿ ಎಲ್ಲರ ಮನೆಗೆ ಬಂತು. ಫೋನಿನಲ್ಲಿ ನಿಮಿಷಕ್ಕೊಂದು ರೀಲ್ಸ್. ಅಳತೆಯಲ್ಲಿ ಅವೆಲ್ಲ ‘ಉಲ್ಟಾ ಪುಲ್ಟಾ’ದ ಮಕ್ಕಳೇ. ಅವುಗಳಲ್ಲಿ ಪ್ರತಿಭೆ ಧಾರಾಳವಾಗಿದೆ, ನಾನು ಮನಸಾರೆ ಮೆಚ್ಚುವಂಥವೂ ಇವೆ. ಆದರೆ ಬಹಳಷ್ಟು ಸಲ ನಗುವಿಗೆ ಸಿಕ್ಕಿಬೀಳುವವರು ಯಾರು ಎಂದು ನೋಡಿದರೆ ಮನಸ್ಸು ಮುದುಡುತ್ತದೆ. ಕಪ್ಪಗಿರುವವರು, ದಪ್ಪಗಿರುವವರು, ಸೀರೆ ಉಟ್ಟ ಗಂಡಸು, ಇಂಗ್ಲಿಷ್ ತಪ್ಪಾಗಿ ಆಡುವ ಹಳ್ಳಿಯ ಹೆಂಗಸು. ಇವರನ್ನು ನೋಡಿ ನಗುವುದಕ್ಕೆ ಧೈರ್ಯ ಬೇಕಿಲ್ಲ, ಯೋಚನೆಯೂ ಬೇಕಿಲ್ಲ. ಭಟ್ಟಿಯವರ ಹತ್ತು ಕಂತುಗಳನ್ನು ಇನ್ನೊಮ್ಮೆ ನೋಡಿ. ಅಲ್ಲಿ ಗೇಲಿಗೆ ಗುರಿಯಾಗುವುದು ನಡವಳಿಕೆ, ಅದೂ ಅಧಿಕಾರ ಇರುವವರ ನಡವಳಿಕೆ. ಜೋಕಿಗೆ ಗುರಿಯಾಗುತ್ತಿದ್ದ ಸಮುದಾಯದಿಂದ ಬಂದವರು ಅವರು. ಆ ನೋವು ಬಲ್ಲವರಾದ್ದರಿಂದ ಯಾರ ಹುಟ್ಟನ್ನೂ ಅವರು ನಗೆಗೆ ಸರಕು ಮಾಡಿಕೊಳ್ಳಲಿಲ್ಲ.

ಈಚೆಗೆ ಒಂದು ಕಾಲೇಜಿನ ಹಬ್ಬದಲ್ಲಿ ಸ್ಕಿಟ್ ಸ್ಪರ್ಧೆ ನೋಡಲು ಹೋಗಿದ್ದೆ. ಗದ್ದಲದ, ಕುಣಿತದ ಆಟಗಳ ನಡುವೆ ಒಂದು ತಂಡ ಬರೀ ಒಂದು ಮೇಜು ತಂದು ಇಟ್ಟಿತು. ನಾಡಕಚೇರಿ. ಆದಾಯ ಪ್ರಮಾಣಪತ್ರಕ್ಕೆ ಬಂದ ಮುದುಕ. ಮೇಜಿನ ಹಿಂದೆ ಕೂತ ಹುಡುಗ ತಲೆಯೆತ್ತದೆ, ಬೆರಳಿನಿಂದ ಮೌಸ್ ಆಡಿಸುತ್ತಾ, ಅಷ್ಟೇ ಮೆತ್ತಗೆ, “ಸರ್ವರ್ ಡೌನ್ ಇದೆ ಯಜಮಾನ್ರೇ” ಎಂದ. ಮುದುಕ ಜೇಬಿಗೆ ಕೈ ಹಾಕಿದ. ಹುಡುಗ ಮುದುಕನ ಕಡೆ ನೋಡಲೂ ಇಲ್ಲ; ಕಂಪ್ಯೂಟರಿನ ಕಡೆ ನೋಡಿ, “ಓ, ಬಂತು,” ಎಂದ. ಸಭಾಂಗಣ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಭೋರ್ಗರೆಯಿತು. ಆಟ ಮುಗಿದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋಗಿ ಬೆನ್ನು ತಟ್ಟಿದೆ. ಮುದುಕನ ಪಾತ್ರ ಬಿಟ್ಟು ಇದನ್ನೇಕೆ ಆರಿಸಿಕೊಂಡೆಯಪ್ಪಾ ಎಂದು ಕೇಳಿದೆ. “ಸರ್, ಮುಂದಿನ ವರ್ಷ ನಾನೂ ಎಫ್‌ಡಿಎ ಪರೀಕ್ಷೆ ಕಟ್ತೀನಿ. ಪಾಸಾದ್ರೆ ಆ ಕುರ್ಚಿ ನನ್ನದೇ ಅಲ್ವಾ ಸರ್,” ಎಂದ. ಜಸ್ಪಾಲ್ ಭಟ್ಟಿಯವರ ಹೆಸರು ಅವನು ಕೇಳಿರಲಿಲ್ಲ.

ಕೇಳಿಲ್ಲದಿದ್ದರೆ ಏನಂತೆ. ಟೆಲಿಫೋನಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲ ಹೋಯಿತು. ಆ ಕಂತಿನ ಬವಣೆ ಇಂದಿನ ಹುಡುಗರಿಗೆ ವಿವರಿಸಿ ಹೇಳಬೇಕು. ಹಳೆಯ ಹಾಸ್ಯದ ಎಷ್ಟೋ ವಿವರಗಳು ಹೀಗೆಯೇ ಕಳಚಿ ಬೀಳುತ್ತವೆ, ಬೀಳಬೇಕು ಕೂಡ. ಉಳಿಯಬೇಕಾದದ್ದು ಅವರು ಕೂತ ಜಾಗ. ಬೇರೆಯವರ ಕಡೆ ಬೆರಳು ಮಾಡುವ ಮೊದಲು ಆ ಕುರ್ಚಿಯಲ್ಲಿ ತಾನು ಕೂತು ನೋಡುವ ಪ್ರಾಮಾಣಿಕತೆ ಇದ್ದವರ ಹಾಸ್ಯಕ್ಕೆ ಮಾತ್ರ ನಮ್ಮನ್ನು ತಿದ್ದುವ ಹಕ್ಕು ಬರುತ್ತದೆ. ಅದನ್ನು ಗೊತ್ತಿಲ್ಲದೆಯೇ ಮಾಡಿದ ಆ ಹುಡುಗನನ್ನು ನಾನು ಭಟ್ಟಿಯವರ ಶಿಷ್ಯರ ಸಾಲಿಗೆ ಸೇರಿಸಿದ್ದೇನೆ. ಅವನು ಪರೀಕ್ಷೆ ಪಾಸಾಗಲಿ, ಆ ಕುರ್ಚಿ ಅವನಿಗೇ ಸಿಗಲಿ, ಕೂತ ಮೇಲೂ ಅವನಿಗೆ ತನ್ನ ಸ್ಕಿಟ್ ನೆನಪಿರಲಿ.